ಒಡ್ವಾರ್ ಇಳಿಸುತ್ತಿದ್ದಾನೆ

ಸ್ಕಾರ್ವಿಕ್ ಊರಿನ ಬಂದರು ಬೀದಿಯಲ್ಲಿ ಒಂದು ವಸತಿ ಸಂಘದ ಕಟ್ಟಡವಿದೆ. ಆ ಕಟ್ಟಡಕ್ಕೆ ಎಲ್ಲೂ ಬರೆದಿಡದ ಒಂದು ಕಾನೂನು ಇದೆ. ಹೊರಗೆ ಹೋಗಬೇಕಾದವರು ಮೊದಲು ತಮ್ಮ ಬಾಗಿಲಿಗೆ ಒಳಗಿನಿಂದ ಕಿವಿ ಕೊಡಬೇಕು. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಕೇಳಿಸಿದರೆ, ಆ ಸದ್ದು ಅಡಗುವ ತನಕ ಕೋಟು ಟೋಪಿ ಎಲ್ಲ ಹಾಕಿಕೊಂಡು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿರಬೇಕು. ಇದರಲ್ಲಿ ದ್ವೇಷವೇನೂ ಇಲ್ಲ. ನಾರ್ವೆಯಲ್ಲಿ ಇದಕ್ಕೆ ಮರ್ಯಾದೆ ಎಂದು ಹೆಸರು. ಪಕ್ಕದವರಿಗೆ ತೊಂದರೆ ಕೊಡಬಾರದು, ಬೆಳ್ಳಂಬೆಳಿಗ್ಗೆ ನಮ್ಮ ಮುಖ ತೋರಿಸುವುದೂ ಒಂದು ತೊಂದರೆಯೇ ತಾನೆ.

ಎರಡನೆಯ ಅಂತಸ್ತಿನ ಒಡ್ವಾರ್ ಶೆಲ್ಬ್ರೈಡ್ ಈ ಕಾನೂನನ್ನು ನಿಷ್ಠೆಯಿಂದ ಪಾಲಿಸಿಕೊಂಡು ಬಂದವನು. ಅವನು ಕೆಲಸದಲ್ಲಿದ್ದಾಗ ಫ್ಯೋರ್ಡ್ ಎಂಬ ಕಡಲ ಚಾಚನ್ನು ದಾಟಿಸುವ ಫೆರಿಯ ಬಾಯಲ್ಲಿ ನಿಂತು, ಎರಡೂ ಕೈ ಬೀಸಿ ಬೀಸಿ ಕಾರು ಲಾರಿಗಳನ್ನು ಒಳಕ್ಕೆ ಕರೆಯುತ್ತಿದ್ದ. ಜೀವಮಾನವೆಲ್ಲ ಜನ ಅವನ ಕಡೆಗೇ ಬಂದರು, ನಿಜ. ಆದರೆ ಬಂದವರೆಲ್ಲ ಗಾಜಿನ ಹಿಂದೆ ಕೂತು ಬಂದರು, ಆಚೆ ದಡ ಸಿಕ್ಕ ಕೂಡಲೇ ಹೊರಟೂ ಹೋದರು. ಈ ಗಡಿಬಿಡಿಯಲ್ಲಿ ಅವನಿಗೆ ಮದುವೆಯಾಗುವುದೇ ಮರೆತುಹೋಯಿತು. ನಿವೃತ್ತಿಯಾದ ಮೇಲೆ ನೋಡಿದರೆ, ಅಕ್ಕಪಕ್ಕದವರ ಬೂಟಿನ ಸದ್ದೆಲ್ಲ ಅವನಿಗೆ ಗೊತ್ತು, ಮುಖಗಳು ಮಾತ್ರ ಅಷ್ಟಕ್ಕಷ್ಟೆ.

ಹೀಗಿರುವಾಗ ಒಂದು ಚಳಿಗಾಲದ ಬೆಳಿಗ್ಗೆ ಒಡ್ವಾರ್ ಬಾಚಣಿಗೆ ಹಿಡಿದ ಕೈಯನ್ನು ತಲೆಯ ತನಕ ಎತ್ತಲು ಹೋದರೆ, ಕೈ ಎದೆಯ ಹತ್ತಿರವೇ ಮುಷ್ಕರ ಹೂಡಿತು. ಇನ್ನೊಂದು ಕೈಯೂ ಮೊದಲನೆಯದರ ಪಕ್ಷ ಸೇರಿತು. ಭುಜ, ಸೊಂಟ, ತೊಡೆ ಎಲ್ಲ ಕಬ್ಬಿಣ. ಲಾರಿಗಳಿಗೆ ಅಪ್ಪಣೆ ಕೊಡುತ್ತಿದ್ದ ಮನುಷ್ಯ ತನ್ನ ಅಂಗಿಯ ಮುಂದೆ ಸೋತು ಹಾಸಿಗೆಯ ಅಂಚಿನಲ್ಲಿ ಕೂತ. ಬಾ ಎಂದು ಕರೆಯಲು ಯಾರೂ ಇರಲಿಲ್ಲ. ಇದ್ದವರೆಲ್ಲ ತಂತಮ್ಮ ಬಾಗಿಲ ಹಿಂದೆ ಮರ್ಯಾದೆಯಾಗಿದ್ದರು.

ಡಾಕ್ಟರ್ ಇಂಗ್ವಿಲ್ ರಕ್ತ ತೆಗೆದು, ಇದು ಮೈಯ ಸ್ನಾಯುಗಳ ಸುತ್ತ ಬರುವ ಉರಿಯೂತ, ನಮ್ಮ ಕಡೆ ವಯಸ್ಸಾದವರಿಗೆ ಬರುವಂಥದೇ ಎಂದು ಹೇಳಿ ಸ್ಟೀರಾಯ್ಡ್ ಮಾತ್ರೆ ಕೊಟ್ಟಳು. ಕೊಟ್ಟಿದ್ದೇ ತಡ, ಆ ವಾರ ಮುಗಿಯುವುದರೊಳಗೆ ನೋವು ಹೇಳದೆ ಕೇಳದೆ ಓಡಿಹೋಯಿತು. ಬರೀ ನೋವು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮಾತ್ರೆ ಬರುವಾಗ ಮೂವರು ನೆಂಟರನ್ನು ಜೊತೆಗೆ ಕರೆತಂದಿತ್ತು: ಹಸಿವು, ಹುರುಪು, ಮಾತು.

ಒಡ್ವಾರ್ ಕತ್ತಲಲ್ಲೇ ಎದ್ದು ಇಡೀ ಕಟ್ಟಡದ ಮುಂದಿನ ಹಿಮ ಬಾಚಿದ. ಶನಿವಾರದ ಮೆಟ್ಟಿಲು ತೊಳೆಯುವ ಸರದಿ ಯಾರದೇ ಇರಲಿ, ತಾನೇ ತೊಳೆದ. ಬನ್ನು ಸುಟ್ಟು ಎಲ್ಲರ ಬಾಗಿಲ ಹಿಡಿಗೆ ಚೀಲದಲ್ಲಿ ನೇತುಹಾಕಿದ. ಎಲ್ಲಕ್ಕಿಂತ ಭಯಂಕರವೆಂದರೆ, ಬಾಗಿಲಿಗೆ ಕಿವಿಯನ್ನೇ ಕೊಡದೆ ಧಡಾರನೆ ಹೊರಗೆ ಬಂದು, ಎದುರಾದವರಿಗೆಲ್ಲ "ಹೈ ಹೈ! ಎಂಥಾ ಒಳ್ಳೇ ಗಾಳಿ ಅಲ್ವಾ!" ಎನ್ನತೊಡಗಿದ. ಅವನ ಮುಖ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಾಗಿ, ಕೆನ್ನೆ ಕೆಂಪಗಾಗಿತ್ತು.

ವಾರದ ನಡುವಿನ ದಿನ, ಹಗಲು ಹೊತ್ತು, ಕೆಂಪು ಮುಖದ ಮನುಷ್ಯನೊಬ್ಬ ಕಾರಣವಿಲ್ಲದೆ ಮೆಟ್ಟಿಲ ಮೇಲೆ ಮಾತಾಡಿಸುತ್ತಾನೆ. ಇದಕ್ಕೆ ಆ ದೇಶದಲ್ಲಿ ಇರುವುದು ಒಂದೇ ಅರ್ಥ, ಅದು ಸೀಸೆಯ ಒಳಗಿರುತ್ತದೆ. ಬಾಗಿಲುಗಳ ಇಣುಕುಗಾಜಿನ ಹಿಂದೆ ನಿಂತು ಎಲ್ಲರೂ ಆ ಅರ್ಥವನ್ನು ಮಾಡಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಬನ್ನು ಮಾತ್ರ ತಿಂದರು.

ಹೀಗೇ ಒಂದು ವರ್ಷ ಕಳೆಯಿತು. ಆಮೇಲೆ ಡಾಕ್ಟರ್ ಇಂಗ್ವಿಲ್ ಕರೆದು ಕೂರಿಸಿಕೊಂಡಳು.

"ಇನ್ನು ಇಳಿಸಬೇಕು, ಒಡ್ವಾರ್."

"ಇಳಿಸೋದು ಅಂದ್ರೆ?"

"ಮೆಟ್ಟಿಲು ಇಳಿದ ಹಾಗೆ ಕಮ್ಮಿ ಮಾಡ್ತಾ ಬರೋದು. ಒಂದೊಂದೇ ಮೆಟ್ಟಿಲು. ಮೇಲಿಂದ ಒಂದೇ ಸಲ ಹಾರಿಬಿಟ್ರೆ ಕೆಲಸ ಕೆಟ್ಟುಹೋಗುತ್ತೆ. ನಿಮ್ಮ ಮೈ ತಾನೇ ಮಾಡ್ಕೊಳ್ತಿದ್ದ ಔಷಧೀನ ಮರೆತುಬಿಟ್ಟಿದೆ, ಅದಕ್ಕೆ ಮತ್ತೆ ಕಲಿಯೋಕೆ ಟೈಮ್ ಬೇಕು. ಸುಸ್ತಾಗುತ್ತೆ, ಬೆವರುತ್ತೆ, ಕೈ ನಡುಗಬಹುದು, ಸುಮ್ಮಸುಮ್ಮನೆ ಅಳು ಬರಬಹುದು. ನೋವಿಗೆ ನೋವಿನ ಮಾತ್ರೆ ತೊಗೊಳ್ಳಿ, ಬಿಸಿ ದಿಂಬು ಇಟ್ಕೊಳ್ಳಿ, ದಿನಾ ಸ್ವಲ್ಪ ನಡೀರಿ. ಹಳೇ ನೋವೇ ಬಂತು ಅನ್ನಿಸಿದ್ರೆ ನನಗೆ ಫೋನ್ ಮಾಡಿ, ಒಂದು ಮೆಟ್ಟಿಲು ಮೇಲಕ್ಕೆ ಹತ್ತೋಣ. ಅದರಲ್ಲಿ ನಾಚಿಕೆ ಇಲ್ಲ. ಮನೇಲಿ ಯಾರಿದಾರೆ?"

ಒಡ್ವಾರ್ ಸ್ವಲ್ಪ ಯೋಚಿಸಿ, "ರೇಡಿಯೋ ಇದೆ" ಎಂದ.

ಮಾತ್ರೆ ಇಳಿಯುತ್ತಾ ಬಂದ ಹಾಗೆ, ಬಂದಿದ್ದ ನೆಂಟರಲ್ಲಿ ಹುರುಪೂ ಮಾತೂ ಗಂಟುಮೂಟೆ ಕಟ್ಟಿದವು. ಹಸಿವು ಮಾತ್ರ ಉಳಿದುಕೊಂಡಿತು. ಬೆಳಿಗ್ಗೆ ಭುಜ ಬಿಗಿಯುತ್ತಿತ್ತು. ಒಡ್ವಾರ್ ಬಿಸಿ ದಿಂಬನ್ನು ಹೆಗಲ ಮೇಲೆ ಹೊತ್ತು, ರೇಡಿಯೋದಲ್ಲಿ ಮೀನುಗಾರರಿಗೆ ಹೇಳುವ ಹವಾಮಾನ ಕೇಳುತ್ತಾ, ಮೈ ಸಡಿಲವಾಗಲೆಂದು ಕಾಯುತ್ತಿದ್ದ. ಎಲ್ಲಿ ಗಾಳಿ ಎಷ್ಟು ಜೋರು ಎಂದು ರೇಡಿಯೋ ಎಲ್ಲರಿಗೂ ಹೇಳುತ್ತಿತ್ತು. ನಿನಗೆ ಹೇಗಿದೆ ಎಂದು ಅವನನ್ನು ಅದು ಕೇಳುವ ಹಾಗಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವನು ಶರಬತ್ತಿನ ಖಾಲಿ ಸೀಸೆಗಳ ಚೀಲ ಹಿಡಿದು ಕೆಳಗಿಳಿಯುತ್ತಿದ್ದವನು ಅರ್ಧ ದಾರಿಯಲ್ಲಿ ಸುಸ್ತಾಗಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಬೆವರು ಧಾರಾಕಾರ. ಕೈ ನಡುಗಿ ಚೀಲದೊಳಗೆ ಸೀಸೆಗಳು ಕಿಣಿಕಿಣಿ ಎಂದವು. ಆಗ ಮೇಲಿನಿಂದ ಬೋರ್ಗಿಲ್ಡ್ ಹೌಕೋಸ್ ಇಳಿದು ಬಂದಳು. ಆಕೆ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಈಗ ವಸತಿ ಸಂಘದ ಅಧ್ಯಕ್ಷೆ. ನಿವೃತ್ತಿಯಾಗಿದ್ದರೂ ಅವಳ ಮಟ್ಟಿಗೆ ಇಡೀ ಕಟ್ಟಡ ಏಳನೇ ಕ್ಲಾಸು. ಅವಳು ಎಂದಿನಂತೆ ಬಾಗಿಲಿಗೆ ಕಿವಿ ಕೊಟ್ಟೇ ಹೊರಟಿದ್ದಳು. ಆದರೆ ಕೂತ ಮನುಷ್ಯನಿಗೆ ಹೆಜ್ಜೆಯ ಸದ್ದಿರುವುದಿಲ್ಲವಲ್ಲ.

"ಒಡ್ವಾರ್! ಬಿದ್ರಾ?"

"ಇಲ್ಲ ಇಲ್ಲ, ಸುಮ್ನೆ ಕೂತೆ. ಇಳಿಸ್ತಾ ಇದೀನಿ, ಅದಕ್ಕೆ ಹೀಗೆ."

ಬೋರ್ಗಿಲ್ಡ್ ಚೀಲ ನೋಡಿದಳು. ಕೆಂಪು ಮುಖ ನೋಡಿದಳು. ನಡುಗುವ ಕೈ ನೋಡಿದಳು. ಆ ಗಳಿಗೆಯಲ್ಲಿ ಅವಳು "ಏನನ್ನ?" ಎಂಬ ಮೂರಕ್ಷರದ ಪ್ರಶ್ನೆಯನ್ನು ಕೇಳಿದ್ದರೆ ಎಲ್ಲರಿಗೂ ಎಷ್ಟೋ ಶ್ರಮ ಉಳಿಯುತ್ತಿತ್ತು. ಆದರೆ ಮರ್ಯಾದಸ್ಥರು ಇನ್ನೊಬ್ಬರ ಒಳಗಿನ ವಿಷಯವನ್ನು ಕೇಳುವುದಿಲ್ಲ. ಊಹಿಸುತ್ತಾರೆ.

"ಡಾಕ್ಟರಿಗೆ ಗೊತ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಅವರೇ ಹೇಳಿದ್ದು. ಒಂದೇ ಸಲ ಬಿಡಬಾರದಂತೆ, ಮೈ ತಡಕೊಳ್ಳಲ್ವಂತೆ."

"ಎಷ್ಟು ದಿನದಿಂದ ಇದು?"

"ಒಂದು ವರ್ಷ ಆಯ್ತು. ದಿನಾ ಬೆಳಿಗ್ಗೆ ತೊಗೊಳ್ತಿದ್ದೆ."

"ಬೆಳಿಗ್ಗೇನಾ!"

"ಬೆಳಿಗ್ಗೇನೇ ತೊಗೋಬೇಕು. ಸಾಯಂಕಾಲ ತೊಗೊಂಡ್ರೆ ನಿದ್ದೆ ಬರಲ್ಲ ನೋಡಿ."

"ಅಯ್ಯೋ ದೇವರೇ. ಖಾಲಿ ಹೊಟ್ಟೇಲಿ?"

"ಛೆ ಛೆ, ಎಲ್ಲಾದ್ರೂ ಉಂಟಾ! ಬ್ರೆಡ್ಡಿನ ಜೊತೆ. ಖಾಲಿ ಹೊಟ್ಟೇಲಿ ತೊಗೊಂಡ್ರೆ ಕರುಳು ಸುಟ್ಟುಹೋಗುತ್ತೆ."

ಬೋರ್ಗಿಲ್ಡ್ ರೇಲಿಂಗು ಹಿಡಿದುಕೊಂಡಳು. ಒಡ್ವಾರ್‌ಗಾದರೋ, ಯಾರೋ ಒಬ್ಬರು ತನ್ನ ವಿಷಯವನ್ನು ಇಷ್ಟು ವಿವರವಾಗಿ ಕೇಳುತ್ತಿದ್ದಾರೆ ಎಂಬುದೇ ಹಬ್ಬವಾಗಿತ್ತು. ಕಣ್ಣು ತುಂಬಿ ಬಂತು. ಅದೂ ಇಳಿಸುವುದರ ಲಕ್ಷಣವೇ ಎಂದು ಡಾಕ್ಟರ್ ಹೇಳಿದ್ದಳು.

"ಅದಿಲ್ಲದೆ ನನಗೆ ಕೈಯೇ ಎತ್ತೋಕೆ ಆಗ್ತಿರಲಿಲ್ಲ, ಬೋರ್ಗಿಲ್ಡ್. ಅದು ಒಳಗೆ ಹೋದ ಮೇಲೇ ನಾನು ಮನುಷ್ಯ ಆಗ್ತಿದ್ದೆ."

"ಸಾಕು, ಹೇಳ್ಬೇಡಿ. ಇದು ನಮ್ಮಿಬ್ಬರಲ್ಲೇ ಇರಲಿ. ನಾನು ಯಾರಿಗೂ ಬಾಯಿ ಬಿಡಲ್ಲ."

ಬೋರ್ಗಿಲ್ಡ್ ಮಾತಿಗೆ ತಪ್ಪುವವಳಲ್ಲ. ಎಲ್ಲರನ್ನೂ ಸೇರಿಸಿ ಖಂಡಿತ ಹೇಳಲಿಲ್ಲ. ಒಬ್ಬೊಬ್ಬರಿಗೇ ಹೇಳಿದಳು.

ಮರುದಿನ ಮಧ್ಯಾಹ್ನ ಒಡ್ವಾರನ ಕರೆಗಂಟೆ ಬಡಿಯಿತು. ಆ ಗಂಟೆ ಕೊನೆಯ ಸಲ ಬಡಿದದ್ದು ಯಾವಾಗಲೆಂದು ಅವನಿಗೆ ನೆನಪಿರಲಿಲ್ಲ, ಹಾಗಾಗಿ ಬೆಂಕಿ ಬಿದ್ದಿದೆಯೆಂದು ತಿಳಿದು ಪಾಸ್‌ಪೋರ್ಟ್ ಹಿಡಿದೇ ಬಾಗಿಲು ತೆರೆದ. ಎದುರಿಗೆ ಬೋರ್ಗಿಲ್ಡ್, ಕೈಯಲ್ಲಿ ಬಿಸಿ ವಾಫಲ್, ಕಂದು ಚೀಸ್. "ನಾನು ಸುಮ್ನೆ ಕೂತಿರ್ತೀನಿ. ನೀವು ಮಾತಾಡಬೇಕಂತ ಏನಿಲ್ಲ" ಎಂದು ಒಳಗೆ ಬಂದು ಕೂತಳು. ಅದರ ಮರುದಿನ ಮೂರನೆಯ ಅಂತಸ್ತಿನ ದಂಪತಿ ಮೀನಿನ ಸೂಪು ತಂದರು. ಬೋರ್ಗಿಲ್ಡ್ ಎಲ್ಲರಿಗೂ ಸರದಿ ಹಾಕಿಕೊಟ್ಟಿದ್ದಳು.

"ವಸಂತದಲ್ಲಿ ಎಲ್ಲ ಸೇರಿ ರೇಲಿಂಗಿಗೆ ಬಣ್ಣ ಹೊಡೀತೀವೋ ಇಲ್ವೋ?" ಎಂದು ಅವಳು ಮನೆಮನೆಯ ಬಾಗಿಲಲ್ಲಿ ಕೇಳಿದಳಂತೆ. "ಇದೂ ಅಂಥದೇ ಮುಯ್ಯಾಳು. ಕಬ್ಬಿಣಕ್ಕೆ ಮಾಡೋದನ್ನ ಮನುಷ್ಯನಿಗೆ ಮಾಡೋಕೆ ಏನು ಕಷ್ಟ?"

ನಾರ್ವೆಯವರು ದೇವರನ್ನು ಬೇಕಾದರೆ ಬಿಟ್ಟಾರು, ಮುಯ್ಯಾಳಿಗೆ ಬರುವುದಿಲ್ಲ ಎನ್ನಲಾರರು. ಯಾರೂ ತಪ್ಪಿಸಲಿಲ್ಲ.

ಒಡ್ವಾರ್‌ಗೆ ಇದೆಲ್ಲ ಏಕೆಂದು ಅರ್ಥವಾಗಿರಲಿಲ್ಲ. ಉರಿಯೂತಕ್ಕೆ ಜನರಲ್ಲಿ ಇಷ್ಟು ಕರುಣೆಯಿದೆ ಎಂದು ಮೊದಲೇ ಗೊತ್ತಿದ್ದರೆ ತಾನು ಚಿಕ್ಕ ವಯಸ್ಸಿನಲ್ಲೇ ಅದನ್ನು ಬರಿಸಿಕೊಳ್ಳಬಹುದಿತ್ತು ಎಂದುಕೊಂಡ, ಅಷ್ಟೆ.

ಗೊತ್ತಾದದ್ದು ಸ್ಟುರ್ಲಾ ಬಂದ ದಿನ. ಕೆಳಗಿನ ಅಂತಸ್ತಿನ ಸ್ಟುರ್ಲಾ ನೀರಿನ ಪೈಪು ಜೋಡಿಸುವ ಕೆಲಸದಲ್ಲಿದ್ದವನು. ಅವನ ಬೂಟು ಬಲಗಾಲಲ್ಲಿ ಮಾತ್ರ ಕಿರುಗುಟ್ಟುತ್ತದೆ. ಅದೊಂದನ್ನು ಬಿಟ್ಟರೆ ಅವನ ದನಿಯನ್ನು ಆ ಕಟ್ಟಡದಲ್ಲಿ ಯಾರೂ ಕೇಳಿದವರಿರಲಿಲ್ಲ. ಅವನು ಚದುರಂಗದ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಕಾಯಿ ಜೋಡಿಸಿ ಹೇಳಿದ:

"ನಂಗೂ ಇತ್ತು."

"ಹೌದಾ!" ಒಡ್ವಾರ್‌ಗೆ ರೋಮಾಂಚನವಾಯಿತು. "ನಿಮಗೂನಾ?"

"ಎತ್ತೋದು ನಿಂತು ಇಪ್ಪತ್ತು ವರ್ಷ ಆಯ್ತು."

"ಇಪ್ಪತ್ತು ವರ್ಷದಿಂದ ಎತ್ತೋಕೇ ಆಗಿಲ್ವಾ! ಒಂದೇ ಕೈಯಾ, ಎರಡೂನಾ?"

ಸ್ಟುರ್ಲಾ ನೆನಪು ಮಾಡಿಕೊಂಡ. "ಕೊನೇ ಕೊನೇಗೆ ಎರಡೂ ಕೈಲಿ ಎತ್ತುತ್ತಿದ್ದೆ ಮಾರಾಯ. ಹೆಂಡತಿ ಬಿಟ್ಟುಹೋದ್ಲು."

"ಇಷ್ಟಕ್ಕೆಲ್ಲ ಬಿಟ್ಟುಹೋಗ್ತಾರಾ?"

"ಮತ್ತಿನ್ನೇನು, ಇಟ್ಕೊಂಡು ಪೂಜೆ ಮಾಡ್ತಾರಾ?" ಎಂದ ಸ್ಟುರ್ಲಾ, ಎದ್ದು ಅಡುಗೆಮನೆಗೆ ಹೋಗಿ ಕಪಾಟು ತೆರೆದ. ಕೆಮ್ಮಿನ ಔಷಧಿ, ಬಾಯಿ ಮುಕ್ಕಳಿಸುವ ದ್ರವ, ಕೇಕಿಗೆ ಹಾಕುವ ರಮ್ಮಿನ ಎಸೆನ್ಸು ಎಲ್ಲವನ್ನೂ ಒಂದಾದ ಮೇಲೊಂದು ಬೋಗುಣಿಗೆ ಸುರಿದ. "ಮೊದಲು ಇವೇ ಶತ್ರುಗಳು. ನಾನು ಶೇವಿಂಗ್ ಲೋಷನ್ನೂ ಬಿಟ್ಟಿರಲಿಲ್ಲ, ಗೊತ್ತಾ?"

ಆಗ ಒಡ್ವಾರನ ತಲೆಯಲ್ಲಿ ದೀಪ ಹತ್ತಿತು. ವಾಫಲ್, ಸೂಪು, ತಗ್ಗಿದ ದನಿ, ಎಲ್ಲದರ ಅರ್ಥ ಸಾಲಾಗಿ ಬಂದು ನಿಂತಿತು. "ಅಯ್ಯೋ, ಇದು ಅದಲ್ಲಪ್ಪಾ" ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಸ್ಟುರ್ಲಾ ಅವನ ಕಡೆ ಬೆನ್ನು ಮಾಡಿಕೊಂಡೇ ನಲ್ಲಿಯ ನೀರು ನಿಲ್ಲಿಸಿ ಅಂದ:

"ಇದನ್ನ ನಾನು ಯಾರ ಹತ್ರಾನೂ ಹೇಳಿಲ್ಲ. ಹೇಳೋಕೆ ಯಾರೂ ಇರಲಿಲ್ಲ. ನಾಳೇನೂ ಬರ್ತೀನಿ, ಆಗ್ಬಹುದಾ?"

ಒಡ್ವಾರನ ಬಾಯಿಗೆ ಬಂದ ಮಾತು ಗಂಟಲಲ್ಲೇ ಇಳಿಯಿತು. ಸುಳ್ಳು ಹೇಳುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ. ಆದರೆ ಸುಮ್ಮನಿರುವುದರಲ್ಲಿ ಅವನಿಗೆ ಜೀವಮಾನದ ಅಭ್ಯಾಸವಿತ್ತು. "ಆಗ್ಬಹುದು" ಎಂದ.

ಅಂದಿನಿಂದ ಒಡ್ವಾರ್ ಕುಡಿಯದೆಯೇ ಕುಡುಕನಾಗಿ, ಬಿಡಲು ಏನೂ ಇಲ್ಲದೆಯೇ ಬಿಡುತ್ತಾ, ಸುಖವಾಗಿದ್ದ. ಭುಜದ ನೋವು ಹಾಗೇ ಇತ್ತು. ಆದರೆ ಎದುರಿಗೆ ಒಬ್ಬರು ಕೂತಿದ್ದರೆ ನೋವಿಗೂ ಸ್ವಲ್ಪ ಸಂಕೋಚ ಇರುತ್ತದೆ. ಚದುರಂಗದಲ್ಲಿ ಆಚೆ ತುದಿಯ ಕಾಯಿಗೆ ಕೈ ಚಾಚಲಾಗದಿದ್ದಾಗ ಸ್ಟುರ್ಲಾ "ನಡುಕ ಬರುತ್ತೆ, ಮೊದಮೊದಲು ಹಾಗೇ. ನೀನು ಹೇಳು, ನಾನು ನಡೆಸ್ತೀನಿ" ಎಂದು ತನ್ನ ರಾಜನನ್ನು ತಾನೇ ಸಂಕಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ.

ಸುದ್ದಿ ದಕ್ಷಿಣದಲ್ಲಿದ್ದ ಅಕ್ಕ ಮಾಗ್ನಿಯನ್ನೂ ಮುಟ್ಟಿತು. ಮುಟ್ಟಿಸಿದವಳು ಬೋರ್ಗಿಲ್ಡ್. ಮಾಗ್ನಿ ತಮ್ಮನಿಗೆ ಕ್ರಿಸ್‌ಮಸ್‌ಗೊಂದು ಸಲ ಫೋನ್ ಮಾಡಿ, ಅಲ್ಲಿ ಹಿಮ ಬಿತ್ತಾ ಎಂದು ಕೇಳಿ ಇಡುತ್ತಿದ್ದವಳು. ಅವಳ ಫೋನು ಏಪ್ರಿಲ್ಲಿನಲ್ಲಿ ಬಂತು.

"ನಂಗೊತ್ತಿತ್ತು! ಫೆರಿ ಕೆಲಸ ಬೇಡ ಅಂತ ಬಡ್ಕೊಂಡೆ, ಯಾರು ಕೇಳಿದ್ರು? ನೀನು ಥೇಟ್ ನಮ್ಮ ಸೋದರಮಾವನೇ ಕಣೋ. ಅವನು ಬೀಟ್‌ರೂಟಿಂದಾನೂ ಸಾರಾಯಿ ಇಳಿಸ್ತಿದ್ದ!"

"ಅಕ್ಕಾ, ನಾನು ಇಳಿಸ್ತಾ ಇರೋದು..."

"ಮಾತಾಡ್ಬೇಡ! ಇನ್ನು ದಿನಾ ಸಾಯಂಕಾಲ ಫೋನ್ ಮಾಡ್ತೀನಿ. ನಾಲಿಗೆ ತೊದಲುತ್ತೋ ಇಲ್ವೋ ನೋಡ್ತೀನಿ. ಎಲ್ಲಿ, 'ಕಪ್ಪು ಕುರಿ ಕೆಂಪು ಕುರಿ' ಅಂತ ಹತ್ತು ಸಲ ಹೇಳು."

ಒಡ್ವಾರ್ ಹೇಳಿದ. ಮರುದಿನವೂ ಹೇಳಿದ. ಕುರಿಗಳ ನಡುವೆ ಸಿಕ್ಕ ಸಂದಿಯಲ್ಲಿ ಅಕ್ಕ ತನ್ನ ಮಂಡಿನೋವು, ಅಪ್ಪನ ದೋಣಿ, ಅಮ್ಮ ಮಾಡುತ್ತಿದ್ದ ಆಲೂಗಡ್ಡೆ ಕಡುಬು ಎಲ್ಲ ಹೇಳತೊಡಗಿದಳು. ಅವನು ಗಡಿಯಾರ ನೋಡಿಕೊಂಡು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕಾಯುವಂತಾಯಿತು.

ಆದರೆ ಮಾಗ್ನಿ ಬೋರ್ಗಿಲ್ಡಳ ಕಿವಿಯಲ್ಲಿ ಇನ್ನೊಂದು ಹುಳ ಬಿಟ್ಟಿದ್ದಳು. ಇಂಥವರು ಒಂದನ್ನು ಬಿಟ್ಟರೆ ಇನ್ನೊಂದನ್ನು ಹಿಡಿಯುತ್ತಾರೆ, ಗುಳಿಗೆಗಳ ಮೇಲೆ ಕಣ್ಣಿಡಿ ಎಂದು. ವಸಂತದ ಮುಯ್ಯಾಳಿಗೆ ಎರಡು ದಿನವಿದೆ ಎನ್ನುವಾಗ ವಾಫಲ್ ತಂದ ಬೋರ್ಗಿಲ್ಡಳ ಕಣ್ಣು ಊಟದ ಮೇಜಿನಲ್ಲಿದ್ದ ಸ್ಟೀರಾಯ್ಡ್ ಮಾತ್ರೆಯ ಡಬ್ಬಿಯ ಮೇಲೆ ಬಿತ್ತು.

"ಇದೇನು?"

"ಅದು... ನೋವಿಗೆ."

"ನೋವಿಗೆ! ಎಲ್ಲರೂ ಹಾಗೇ ಹೇಳೋದು. ನಲವತ್ತು ವರ್ಷ ಮಕ್ಕಳ ಜೇಬು ತಪಾಸಣೆ ಮಾಡಿದೀನಿ ನಾನು, ನನ್ನ ಹತ್ರ ಆಟ ಬೇಡ." ಡಬ್ಬಿ ಅವಳ ಕೈಚೀಲ ಸೇರಿ, ಚೀಲದ ಬಾಯಿ ಟಪ್ಪೆಂದು ಮುಚ್ಚಿಕೊಂಡಿತು.

ಇಲ್ಲಿ ಯಾವ ಬುದ್ಧಿವಂತನಾದರೂ ಎದ್ದು ನಿಂತು ಸತ್ಯ ಹೇಳುತ್ತಿದ್ದ. ಒಡ್ವಾರ್‌ಗೂ ಆ ಮಾತ್ರೆಯನ್ನು ಒಂದೇ ಸಲ ನಿಲ್ಲಿಸಬಾರದೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಸತ್ಯ ಹೇಳಿದರೆ ವಾಫಲ್ ಹೋಯಿತು, ಚದುರಂಗ ಹೋಯಿತು, ಅಕ್ಕನ ಕುರಿಗಳೂ ಹೋದವು. ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ಮನುಷ್ಯರು. ನಾಳೆ ಹೇಳೋಣ ಎಂದುಕೊಂಡ. ನಾಳೆ ಎಂದವನ ಮನೆ ಹಾಳು ಎಂದು ದೊಡ್ಡವರು ಹೇಳಿದ್ದಾರೆ. ಮನೆ ಹಾಳಾಗಲಿಲ್ಲ, ಮನೆಗೆ ಬರುವವರಿದ್ದರಲ್ಲ, ಹಾಳಾದದ್ದು ಭುಜ. ಮುಯ್ಯಾಳಿನ ದಿನ ಬೆಳಿಗ್ಗೆ ಎದ್ದಾಗ ಅವನ ಎರಡೂ ಕೈ ಮೊದಲ ಚಳಿಗಾಲದ ಹಾಗೆ ಕಬ್ಬಿಣವಾಗಿದ್ದವು. ಅಂಗಿ ಬದಲಾಯಿಸಲಾಗದೆ ರಾತ್ರಿಯ ಅಂಗಿಯ ಮೇಲೇ ಕೋಟು ಹೊದ್ದು, ಗೋಡೆ ಹಿಡಿದು ಅಂಗಳಕ್ಕಿಳಿದ.

ಅಂಗಳದಲ್ಲಿ ಎಲ್ಲರೂ ಎಲೆ ಗುಡಿಸಿ, ರೇಲಿಂಗು ಉಜ್ಜಿ, ಕಿಟಕಿ ಒರೆಸಿ ಮುಗಿಸಿದ್ದರು. ಒಡ್ವಾರನನ್ನು ಬಿಸಿಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸಾಸೇಜು ಸುಡುವ ಹೊಗೆ ಏಳುತ್ತಿತ್ತು. ಪ್ರತಿವರ್ಷ ಇದಾದ ಮೇಲೆ ಬಿಯರ್ ತೆರೆಯುವುದು ಪದ್ಧತಿ. ವರ್ಷಕ್ಕೊಮ್ಮೆ ಅಕ್ಕಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದು ಆ ಬಿಯರಿನ ಧೈರ್ಯದಿಂದಲೇ. ಬೋರ್ಗಿಲ್ಡ್ ಒಂದು ಬಕೆಟ್ಟಿನ ಮೇಲೆ ಚಮಚ ಬಡಿದಳು.

"ಸಂಘದ ಮುಂದೆ ಒಂದು ನಿರ್ಣಯ ಇಡ್ತಾ ಇದೀನಿ. ನಮ್ಮಲ್ಲೊಬ್ಬರು ಬಹಳ ಕಷ್ಟದಿಂದ, ಬಹಳ ಶೂರತನದಿಂದ ಇಳಿಸ್ತಾ ಇದಾರೆ. ಹೆಸರು ಹೇಳಲ್ಲ." ಎಲ್ಲರೂ ಒಡ್ವಾರನನ್ನು ನೋಡಿದರು. "ಅವರಿಗೋಸ್ಕರ ಈ ವರ್ಷದಿಂದ ಮುಯ್ಯಾಳಿನಲ್ಲಿ ಬಿಯರ್ ಇಲ್ಲ. ಒಪ್ಪಿದವರು ಕೈ ಎತ್ತಿ."

ಮೂರನೆಯ ಅಂತಸ್ತಿನ ಗಂಡ ಬಿಯರ್ ಪೆಟ್ಟಿಗೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೈ ಎತ್ತಿದ. ನಿಟ್ಟುಸಿರುಗಳ ಜೊತೆ ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು. ಸ್ಟುರ್ಲಾನ ಕೈ ಎಲ್ಲರಿಗಿಂತ ಮೇಲಿತ್ತು. ಅಂಗಳದಲ್ಲಿ ಒಂದೇ ಒಂದು ಜೊತೆ ಕೈ ಮಾತ್ರ ತೊಡೆಯ ಮೇಲೆ ಬಿದ್ದಿತ್ತು.

"ಒಡ್ವಾರ್?" ಬೋರ್ಗಿಲ್ಡಳ ದನಿ ಗಡುಸಾಯಿತು. "ನಿಮ್ಮ ವಿರೋಧವಾ?"

ಒಡ್ವಾರ್ ಎತ್ತಲು ನೋಡಿದ. ಬಲಗೈ ಏಳಲಿಲ್ಲ. ಎಡಗೈಯಿಂದ ಬಲಗೈಯನ್ನು ತಳ್ಳಿ ನೋಡಿದ. ಮುಖದ ಮೇಲೆ ಬೆವರಿಳಿಯಿತು.

"ಕಳ್ಳ ಕಣ್ರೀ!" ಎಂದಿತು ಒಂದು ದನಿ. "ಬಿಯರ್ ಬೇಕಂತೆ ಅವನಿಗೆ!"

"ನಮ್ಮ ಬಿಯರ್ ಹೋದ್ರೆ ಹೋಗ್ಲಿ ಅಂತ ನಾವು ಬಿಟ್ರೆ, ಇವನು ನೋಡು!"

ಸ್ಟುರ್ಲಾ ಕೈ ಇಳಿಸದೆಯೇ ಹತ್ತಿರ ಬಂದ. "ಎತ್ತು ಮಾರಾಯ" ಎಂದ ಮೆಲ್ಲಗೆ. "ಇಷ್ಟು ದಿನ ತಡ್ಕೊಂಡಿದೀಯ. ಈಗ ಸೋಲ್ಬೇಡ. ನನಗೋಸ್ಕರ ಎತ್ತು."

ಒಡ್ವಾರ್ ಅವನ ಮುಖ ನೋಡಿದ. ಇನ್ನು ಆಗಲಿಲ್ಲ.

"ಎತ್ತೋಕೆ ಆಗ್ತಾ ಇಲ್ಲ ಸ್ಟುರ್ಲಾ. ನಂಗಿರೋದು ಉರಿಯೂತ. ಭುಜದ್ದು, ಸೊಂಟದ್ದು. ನಾನು ಕುಡಿಯೋನಲ್ಲ. ನಾನು ಇಳಿಸ್ತಾ ಇದ್ದಿದ್ದು ಸ್ಟೀರಾಯ್ಡ್ ಮಾತ್ರೆ. ಅದು ಬೋರ್ಗಿಲ್ಡ್ ಕೈಚೀಲದಲ್ಲಿದೆ."

ಮೇಲೆದ್ದಿದ್ದ ಕೈಗಳು ಒಂದೊಂದಾಗಿ ಇಳಿದವು, ಸ್ಟುರ್ಲಾನದೊಂದು ಬಿಟ್ಟು.

"ಬೆಳಿಗ್ಗೆ ಬ್ರೆಡ್ಡಿನ ಜೊತೆ ತೊಗೊಳ್ತಿದ್ದಿದ್ದು?" ಬೋರ್ಗಿಲ್ಡ್ ಕೇಳಿದಳು.

"ಮಾತ್ರೆ."

"ಆ ಸೀಸೆಗಳು?"

"ಶರಬತ್ತು."

"ಗೊತ್ತಿದ್ದೂ ನನ್ನ ವಾಫಲ್ ತಿಂದ್ರಾ?"

ಒಡ್ವಾರ್ ತಲೆ ತಗ್ಗಿಸಿ, "ಚೆನ್ನಾಗಿತ್ತು" ಎಂದ.

ಮೂರನೆಯ ಅಂತಸ್ತಿನ ಗಂಡ ಕೆಮ್ಮಿ, "ಹಾಗಾದ್ರೆ ಬಿಯರ್ ತೆಗೀಬಹುದಾ?" ಎಂದ. ಯಾರೂ ನಗಲಿಲ್ಲ. ತೆಗೆದರೂ ಯಾರೂ ಮಾತಾಡಲಿಲ್ಲ. ಸ್ಟುರ್ಲಾ ಇಷ್ಟು ಹೊತ್ತೂ ಎತ್ತಿಯೇ ಇದ್ದ ತನ್ನ ಕೈಯನ್ನು ಈಗ ಇಳಿಸಿ, ಅದನ್ನೇ ಒಮ್ಮೆ ನೋಡಿಕೊಂಡು, ಹೊರಟುಹೋದ. ಬಲಗಾಲ ಬೂಟು ಕಿರುಗುಟ್ಟುವುದು ಅವನ ಬಾಗಿಲು ಹಾಕಿಕೊಳ್ಳುವ ತನಕ ಕೇಳಿಸಿತು.

ಡಾಕ್ಟರ್ ಇಂಗ್ವಿಲ್ ಫೋನಿನಲ್ಲಿ ಚೆನ್ನಾಗಿ ಬೈದಳು. "ಒಂದೇ ಸಲ ನಿಲ್ಲಿಸಿದ್ರಾ? ತಲೆ ತಿರುಗಿ ಬಿದ್ದಿದ್ರೆ ಯಾರು ನೋಡ್ತಿದ್ರು ನಿಮ್ಮನ್ನ?" ಎಂದು ಕೂಡಲೇ ಕರೆಸಿಕೊಂಡು ಪರೀಕ್ಷೆ ಮಾಡಿ, ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿದಳು. ಮಾತ್ರೆಯ ಡಬ್ಬಿ ಒಂದು ಚೀಲದಲ್ಲಿ ಅವನ ಬಾಗಿಲ ಹಿಡಿಗೆ ನೇತಾಡುತ್ತಿತ್ತು, ಹಿಂದೆ ಅವನು ಬನ್ನು ನೇತುಹಾಕುತ್ತಿದ್ದ ಹಾಗೆ. ಗಂಟೆ ಯಾರೂ ಬಡಿಯಲಿಲ್ಲ.

ಅಕ್ಕನದು ಒಂದೇ ಫೋನು. "ಹಾಗಾದ್ರೆ ನೀನು ಕುಡಿಯೋದೇ ಇಲ್ವಾ? ಮತ್ತೆ ನಾನು ದಿನಾ ಫೋನ್ ಮಾಡಿದ್ದೆಲ್ಲ ದಂಡ!" ಎಂದು ಇಟ್ಟಳು. ಮರುದಿನ ಆ ಹೊತ್ತಿಗೆ ಒಡ್ವಾರ್ ಕುರ್ಚಿ ಎಳೆದುಕೊಂಡು ಕೂತಿದ್ದ. ಫೋನು ಸುಮ್ಮನಿತ್ತು. ಕಪ್ಪು ಕುರಿ ಕೆಂಪು ಕುರಿ ಎಂದು ಅವನೇ ಹತ್ತು ಸಲ ಹೇಳಿಕೊಂಡ. ಒಂದೂ ತೊದಲಲಿಲ್ಲ.

ವಿಚಿತ್ರ ನೋಡಿ. ಕುಡುಕನ ಪಕ್ಕ ಕೂತಿರಲು ಇಡೀ ಕಟ್ಟಡವಿತ್ತು. ನೋವಿನವನಿಗೆ ಒಬ್ಬರೂ ಇರಲಿಲ್ಲ. ಅವರು ಕೆಟ್ಟವರಲ್ಲ. ಮೋಸಹೋದೆವೆಂದು ಅವರಿಗೆ ನಾಚಿಕೆ, ಮೋಸ ಮಾಡಿದೆನೆಂದು ಇವನಿಗೆ ನಾಚಿಕೆ. ನಾಚಿಕೊಂಡವರೆಲ್ಲ ಬಾಗಿಲಿಗೆ ಕಿವಿಯಿಟ್ಟು, ಮೆಟ್ಟಿಲು ಖಾಲಿಯಾಗಲೆಂದು ಕಾಯುತ್ತಾ ನಿಂತರು. ಒಡ್ವಾರ್ ಬಿಸಿ ದಿಂಬು ಹೊತ್ತು ರೇಡಿಯೋ ಮುಂದೆ ಕೂತ. ಒಂಟಿತನ ಅವನಿಗೆ ಹೊಸದಲ್ಲ. ಆದರೆ ಮೊದಲು ಅವನಿಗೆ ಜೊತೆಯ ರುಚಿ ಗೊತ್ತಿರಲಿಲ್ಲ, ಈಗ ವಾಫಲ್ ತಿಂದ ಬಾಯಿ. ಆ ದಿನಗಳಲ್ಲಿ ಅವನು ಅತ್ತದ್ದೆಲ್ಲ ಮಾತ್ರೆಯ ಲಕ್ಷಣವೇನೂ ಅಲ್ಲ.

ಶನಿವಾರ ಬಂತು. ಮೆಟ್ಟಿಲು ತೊಳೆಯುವ ಸರದಿ ಒಡ್ವಾರನದು. ಭುಜ ಇನ್ನೂ ಪೂರ್ತಿ ಸಡಿಲವಾಗಿರಲಿಲ್ಲ. ಹೇಗೋ ಬಕೆಟ್ಟು ತುಂಬಿಸಿ ಬಾಗಿಲ ಬಳಿ ಬಂದು, ಅಭ್ಯಾಸದಂತೆ ಕಿವಿ ಕೊಟ್ಟ. ಮೆಟ್ಟಿಲ ಮೇಲೆ ಯಾರೋ ಇದ್ದರು. ನೀರಿನ ಸದ್ದು, ಬಟ್ಟೆ ಹಿಂಡುವ ಸದ್ದು, ನಡುನಡುವೆ ಕಿರ್ ಎಂಬ ಒಂದೇ ಕಾಲಿನ ಬೂಟು. ಅದು ಅವನ ಬಾಗಿಲ ಮುಂದೆ ಬಂದು ನಿಂತಿತು.

ಕಾನೂನಿನ ಪ್ರಕಾರ ಆ ಸದ್ದು ಹೋಗುವ ತನಕ ಒಳಗೇ ನಿಂತಿರಬೇಕು. ಒಡ್ವಾರ್ ಬಾಗಿಲು ತೆರೆದ.

ಸ್ಟುರ್ಲಾ ಮಂಡಿಯೂರಿ ಅವನ ಹೊಸ್ತಿಲು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಏನೂ ಅಂದ್ಕೋಬೇಡ. ಹೋದ ವರ್ಷ ನನ್ನ ಸರದೀನೆಲ್ಲ ನೀನೇ ತೊಳೆದಿದ್ದೆ. ಮುಯ್ಯಿ ತೀರಿಸ್ತಾ ಇದೀನಿ, ಅಷ್ಟೇ."

"ನಂಗೆ ಕೋಪ ಇಲ್ಲ" ಎಂದ ಒಡ್ವಾರ್.

"ನಿಂಗ್ಯಾಕೆ ಕೋಪ? ಇರಬೇಕಾದ್ದು ನಂಗೆ. ಇಪ್ಪತ್ತು ವರ್ಷ ಹೊಟ್ಟೇಲಿಟ್ಕೊಂಡಿದ್ದನ್ನ ಹೇಳ್ದೆ, ಹೋಗಿ ಹೋಗಿ ಶರಬತ್ತು ಕುಡಿಯೋನ ಹತ್ರ."

"ನಾನು ಕೇಳ್ದೆನಲ್ಲ ಸ್ಟುರ್ಲಾ. ಕೇಳಿದ್ದು ಸುಳ್ಳಲ್ಲ."

ಸ್ಟುರ್ಲಾ ಅದೇ ಜಾಗವನ್ನು ಇನ್ನೊಮ್ಮೆ ಒರೆಸಿದ, ಆಗಲೇ ಒರೆಸಿಯಾಗಿದ್ದರೂ. ಆಮೇಲೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಒದ್ದೆ ಮೆಟ್ಟಿಲ ಮೇಲೆಯೇ ಕೂತು, ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟ. ಒಡ್ವಾರ್ ರೇಲಿಂಗು ಹಿಡಿದು, ಸೊಂಟವನ್ನು ಓಲೈಸಿ ಓಲೈಸಿ, ಇಳಿದು ಕೂತ.

"ಮತ್ತೆ?" ಎಂದ ಸ್ಟುರ್ಲಾ ಎದುರು ಗೋಡೆಯನ್ನು ನೋಡುತ್ತಾ. "ಅದೇನೋ ಇಳಿಸ್ತಾ ಇದೀನಿ ಅಂದ್ಯಲ್ಲ. ಏನನ್ನ?"

ಈ ಒಂದು ಪ್ರಶ್ನೆಗೆ ಉತ್ತರ ಒಡ್ವಾರನೊಳಗೆ ಒಂದು ವರ್ಷದಿಂದ ಕೂತಿತ್ತು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ಮೊದಲಿನಿಂದಲೇ ಶುರುಮಾಡಿದ.

"ಒಂದಿನ ಬೆಳಿಗ್ಗೆ ಎದ್ದು ಬಾಚಣಿಗೆ ಹಿಡ್ಕೊಂಡೆ" ಎಂದು ಮೆಲ್ಲಗೆ ಹೇಳತೊಡಗಿದ. "ಕೈ ತಲೆ ತನಕ ಹೋಗಲೇ ಇಲ್ಲ..."

ಮೇಲಿನ ಅಂತಸ್ತಿನಲ್ಲಿ ಒಂದು ಬಾಗಿಲು ಕಿರ್ ಎಂದು ಬೆರಳಿನಷ್ಟು ತೆರೆದುಕೊಂಡಿತು.

"ಸ್ವಲ್ಪ ಜೋರಾಗಿ ಹೇಳಿ ಒಡ್ವಾರ್!" ಎಂದಿತು ಬೋರ್ಗಿಲ್ಡಳ ದನಿ. "ಇಲ್ಲಿಗೆ ಕೇಳಿಸ್ತಾ ಇಲ್ಲ!"